ಜೋಡಿ ಸಿಗದ ತುಂಡು

"ನನ್ನ ಹಿಂದೆ ಒಬ್ಬರು ನೋಡ್ಕೊಂಡು ಬರ್ಲಿ," ಎಂದ ಹದ್ದಣ್ಣ, ಮಂಡಿಯ ಕೆಳಗೆ ಗೋಣಿಚೀಲ ಮಡಿಸಿ ಹಾಕಿಕೊಳ್ಳುತ್ತ. "ನಾನು ಬಿಟ್ಟಿದ್ದನ್ನ ಹೆಕ್ಕೋಕೆ ಒಬ್ಬರು ಬೇಕು. ಇಲ್ದಿದ್ರೆ ನಾನು ಇದಕ್ಕೆ ಕೈ ಹಾಕಲ್ಲ."

ಬಳ್ಳಿ ಕೀಳಲು ಇಳಿಜಾರಿನಲ್ಲಿ ಸಾಲಾಗಿ ನಿಂತಿದ್ದ ಸ್ವಯಂಸೇವಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹದಿನೈದು ಜನರಲ್ಲಿ ಬಳ್ಳಿಯ ಬುಡ ಯಾವುದು ತುದಿ ಯಾವುದು ಎಂದು ಗೊತ್ತಿದ್ದವನು ಇವನೊಬ್ಬನೇ. ಉಳಿದವರೆಲ್ಲ ರಜೆಯ ದಿನ ಒಳ್ಳೆಯ ಕೆಲಸ ಮಾಡೋಣವೆಂದು ಹೊಸ ಕೈಗವಸು ಕೊಂಡು ಬಂದಿದ್ದ ಬ್ಯಾಂಕಿನವರು, ಟೀಚರುಗಳು, ಒಬ್ಬ ಹಲ್ಲಿನ ಡಾಕ್ಟರು. ಅವರ ಹಿಂದೆ ಯಾರಾದರೂ ನೋಡಿಕೊಂಡು ಬರಬೇಕಾದದ್ದು ನ್ಯಾಯ. ಈ ಮನುಷ್ಯನ ಹಿಂದೆ ಯಾಕೆ ಎಂದು ಅವರಿಗೆ ತಿಳಿಯಲಿಲ್ಲ.

ತಿಳಿದಿದ್ದವಳು ಸಸ್ಯೋದ್ಯಾನದ ಮೇಲ್ವಿಚಾರಕಿ. ಕೈಯಲ್ಲಿ ಹಾಜರಿ ಪಟ್ಟಿ ಹಿಡಿದು ನಿಂತಿದ್ದ ಅವಳು, "ನಾನೇ ಬರ್ತೀನಿ ಹದ್ದಣ್ಣ," ಎಂದಳು. ಅಂದ ಮೇಲೆ, ಯಾಕಾದರೂ ಬಾಯಿ ಬಿಟ್ಟೆನೋ ಅನ್ನಿಸಿತು.

"ನೀನಾ? ಸರಿ ಬಾ ತಂಗಿ. ನೀನಾದ್ರೆ ನನಗೆ ಧೈರ್ಯ," ಎಂದು ಅವನು ಮಂಡಿಯೂರಿ ಕೂತೇಬಿಟ್ಟ. ಉದ್ಯಾನದಲ್ಲಿ ಎಲ್ಲರೂ ಅವಳನ್ನು ಮೇಡಂ ಎನ್ನುವವರೇ. ತಂಗಿ ಎನ್ನುವವನು ಇವನೊಬ್ಬ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇರುವಾಗಲೇ ಕೆಲಸ ಬಿಟ್ಟು ಹೋದವನು ಈಗ ಬಿಳಿ ಗಡ್ಡ, ದಪ್ಪ ಕನ್ನಡಕದೊಂದಿಗೆ ಬಂದಿದ್ದ. ಯಾರೂ ಕರೆದಿರಲಿಲ್ಲ. ಉದ್ಯಾನದ ಗೇಟಿಗೆ ಅಂಟಿಸಿದ್ದ ಚೀಟಿಯನ್ನು ಅವನ ಹೆಂಡತಿ ಓದಿ ಹೇಳಿದ್ದಳಂತೆ. ಬೆಳಗ್ಗೆ ಎಂಟೂವರೆಗೆ ಅವರಿಬ್ಬರೂ ಬಸ್ಸಿಳಿದು ಬರುವುದನ್ನು ಕಂಡಾಗ ಮೇಲ್ವಿಚಾರಕಿಗೆ ಮೊದಲು ಹೊಳೆದದ್ದು, ಆಫೀಸಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡುಬಿಡೋಣ ಎಂದು.

ಉದ್ಯಾನದವರು ಬೆರಳುಬಳ್ಳಿ ಎಂದು ಕರೆಯುವ ಈ ಗಿಡ ಆಫ್ರಿಕದ ದಕ್ಷಿಣ ತುದಿಯ ಒಣ ನೆಲದ್ದು. ಮಣ್ಣು ಜಾರದಿರಲಿ ಎಂಬ ಸದುದ್ದೇಶದಿಂದ ಹಿಂದೆ ಯಾರೋ ಮಹಾನುಭಾವರು ಕೆಳಗಿನ ರಸ್ತೆಯ ಅಂಚಿಗೆ ನೆಟ್ಟಿದ್ದರು. ಬೆರಳಿನಷ್ಟು ದಪ್ಪದ, ಮೂರು ಅಂಚಿನ, ನೀರು ತುಂಬಿಕೊಂಡ ಎಲೆ. ಉಗುರು ತಾಗಿಸಿದರೆ ಚಿಲ್ಲನೆ ರಸ. ಬಿಸಿಲೇರಿದ ಮೇಲೆ ಅರಳಿ ಬಿಸಿಲಿಳಿಯುತ್ತಲೇ ಮುಚ್ಚಿಕೊಳ್ಳುವ ಗುಲಾಬಿ ಬಣ್ಣದ ಹೂ. ನೋಡುವುದಕ್ಕೆ ಚೆಂದವೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಒಂದು ಗೆಣ್ಣು ಮಣ್ಣಿಗೆ ತಾಗಿದರೆ ಸಾಕು, ಕರೆಯದೆ ಬಂದ ನೆಂಟರ ಹಾಗೆ ಅಲ್ಲೇ ಬೀಡು ಬಿಡುತ್ತದೆ. ಕಾಲು ಚಾಚಿ, ಹಾಸಿಗೆ ಹಾಸಿ, ಕೊನೆಗೆ ಮನೆಯವರನ್ನೇ ಹೊರಗಟ್ಟುತ್ತದೆ.

ಇಲ್ಲಿ ಹೊರಬಿದ್ದ ಮನೆಯವರೆಂದರೆ ಗೆಜ್ಜೆಗಡ್ಡೆ. ವರ್ಷಕ್ಕೆ ಎಂಟೇ ದಿನ ಹೂ ಬಿಡುವ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಾಗದ ಬಿಳಿ ಹೂವಿನ ಗಡ್ಡೆ. ಈ ಇಳಿಜಾರು ಬಿಟ್ಟರೆ ಅದನ್ನು ಬೇರೆಲ್ಲೂ ಕಂಡವರಿಲ್ಲ. ಹದ್ದಣ್ಣ ಹದಿನಾಲ್ಕು ವರ್ಷ ಅದನ್ನು ಸಾಕಿದ್ದ. ಸಾಕುವುದೆಂದರೆ ನೀರು ಗೊಬ್ಬರ ಹಾಕುವುದಲ್ಲ, ಬೆರಳುಬಳ್ಳಿಯನ್ನು ಹತ್ತಿರ ಸುಳಿಯಗೊಡದಿರುವುದು. ಕೊನೆಯ ಬಾರಿ ಎಣಿಸಿದಾಗ ಮುನ್ನೂರ ಹನ್ನೊಂದು ಹೂ ಇದ್ದವು. ಕಳೆದ ಆರು ವರ್ಷದಿಂದ ಒಂದೂ ಕಂಡಿಲ್ಲ.

ಅವನದು ಒಂದು ಪದ್ಧತಿ ಇತ್ತು. ಬೇರೆ ಮಾಲಿಗಳು ಅದನ್ನು ನೋಡಿ ನಗುತ್ತಿದ್ದರು, ಅವಳಿಗೆ ಮಾತ್ರ ಅವನು ಕೈ ಹಿಡಿದು ಕಲಿಸಿದ್ದ. ಕಿತ್ತ ಬಳ್ಳಿಯನ್ನು ಹಾಗೇ ಚೀಲಕ್ಕೆ ತುರುಕುವಂತಿಲ್ಲ. ಗೋಣಿಯ ಮೇಲೆ ಬುಡದಿಂದ ತುದಿಯವರೆಗೆ ಉದ್ದಕ್ಕೆ ಹಾಸಬೇಕು. ಎಲ್ಲೆಲ್ಲಿ ಮುರಿದಿದೆಯೋ ಅಲ್ಲಲ್ಲಿ ಮುರಿದ ತುದಿಗೆ ಮುರಿದ ತುದಿ ಕೂಡಿಸಬೇಕು, ಒಡೆದ ಬಳೆಯ ಚೂರು ಕೂಡಿಸಿದ ಹಾಗೆ. ಒಂದು ತುದಿಗೆ ಜೋಡಿ ಸಿಗಲಿಲ್ಲವೆಂದರೆ ಒಂದು ತುಂಡು ಇನ್ನೂ ನೆಲದಲ್ಲಿದೆ ಎಂದರ್ಥ. ಅದು ಸಿಗುವವರೆಗೂ ಏಳುವಂತಿಲ್ಲ. ಹುಲ್ಲಿನ ಬುಡದಲ್ಲಿ ಅಡಗಿದ ಕಾಳಿನಷ್ಟು ತುಂಡನ್ನೂ ಅವನ ಕಣ್ಣು ಹೆಕ್ಕುತ್ತಿತ್ತು. ಅದಕ್ಕೇ ಹದ್ದಣ್ಣ ಎಂಬ ಹೆಸರು ಬಿದ್ದದ್ದು. ಈಗಲೂ ಆ ಹೆಸರಿನಿಂದಲೇ ಕರೆಯುತ್ತಾರೆ, ಅವನು ಮಾತ್ರ ಆ ಹೆಸರು ಕೇಳಿದಾಗ ಕನ್ನಡಕ ಸರಿಮಾಡಿಕೊಳ್ಳುತ್ತಾನೆ.

ಬೆಳಗಿನ ಒಂಬತ್ತರಿಂದ ಅವಳು ಅವನ ಹಿಂದೆ ಮಂಡಿಯೂರಿ ಸಾಗಿದಳು. ಅವನು ಬಳ್ಳಿಯ ಅಂಚನ್ನು ಹಿಡಿದು ಚಾಪೆ ಸುತ್ತಿದ ಹಾಗೆ ಸುತ್ತುತ್ತ ಮುಂದೆ, ಅವಳು ಬರಿದಾದ ನೆಲವನ್ನು ಕಣ್ಣಿಂದ ಬಾಚುತ್ತ ಹಿಂದೆ. ಕೈಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬ. ಸಿಕ್ಕ ತುಂಡನ್ನು ಅದಕ್ಕೆ ಹಾಕಬೇಕು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಡಬ್ಬದೊಳಗೆ ಒಂದು ಚೂರೂ ಬೀಳಲಿಲ್ಲ. ಅವಳು ಮಣ್ಣು ಕೆದಕಿ ನೋಡಿದಳು, ಕಲ್ಲು ಎತ್ತಿ ನೋಡಿದಳು. ಒಂದಾದರೂ ಸಿಗಲಿ ದೇವರೇ ಎಂದು ಮನಸ್ಸು ಹೇಳುತ್ತಿತ್ತು. ಅವನು ನಿಜವಾಗಿಯೂ ಬಿಟ್ಟುಬಿಡುವವನೇ ಆಗಿದ್ದರೆ, ಒಂಬತ್ತು ವರ್ಷದ ಹಿಂದೆಯೂ ಬಿಟ್ಟಿರಬಹುದಲ್ಲ! ಹೀಗೆ ಬೇಡಿಕೊಳ್ಳುತ್ತಿದ್ದೇನೆಂದು ಅರಿವಾದಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಏನಾದ್ರೂ ಸಿಕ್ತಾ?" ಎಂದು ಅವನು ತಿರುಗದೆ ಕೇಳಿದ.

"ಇಲ್ಲ ಹದ್ದಣ್ಣ."

"ಸರಿಯಾಗಿ ನೋಡು. ನನ್ನ ಮುಖ ನೋಡಿ ಸುಳ್ಳು ಹೇಳ್ಬೇಡ. ಆವತ್ತೂ ನೀವೆಲ್ಲ ಹೀಗೇ ದಾಕ್ಷಿಣ್ಯ ಮಾಡಿದ್ರಿ."

ಅವಳು ಇನ್ನೊಂದು ಕಲ್ಲು ಎತ್ತಿ ನೋಡಿದಳು.

ಒಂಬತ್ತು ವರ್ಷದ ಹಿಂದೆ ಅವಳು ಹಂಗಾಮಿ ಮಾಲಿ, ಕೆಲಸಕ್ಕೆ ಸೇರಿ ಎರಡನೇ ವರ್ಷ. ಹದ್ದಣ್ಣನ ಹೆಂಡತಿಗೆ ಆಪರೇಷನ್ ಎಂದು ಅವನು ಎರಡು ದಿನ ರಜೆ ಹಾಕಿದ್ದ. ಹೋಗುವ ಮೊದಲು ಇಳಿಜಾರಿನ ಮೇಲ್ತುದಿಯಲ್ಲಿ ಎರಡು ಮಂಚದಷ್ಟು ಅಗಲಕ್ಕೆ ಹಬ್ಬಿದ್ದ ಬೆರಳುಬಳ್ಳಿಯನ್ನು ತೋರಿಸಿ, "ನಾಳಿದ್ದು ಮೇಲಿನ ಆಫೀಸಿನವರು ಬರ್ತಾರೆ. ಅಷ್ಟರಲ್ಲಿ ಇದನ್ನ ಕೈಯಲ್ಲೇ ತೆಗಿ ತಂಗಿ. ಜೋಡಿ ನೋಡು," ಎಂದು ಹೇಳಿ ಹೋಗಿದ್ದ.

ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಇಷ್ಟು ವರ್ಷದಲ್ಲಿ ಅವಳು ತನ್ನನ್ನು ತಾನು ಕ್ಷಮಿಸಿಕೊಂಡಿರುತ್ತಿದ್ದಳೋ ಏನೋ. ಅಂಥದ್ದೇನೂ ಇರಲಿಲ್ಲ. ಸೊಂಟ ನೋಯುತ್ತಿತ್ತು. ಮುಕ್ಕಾಲು ಭಾಗ ಹಾಗೇ ಉಳಿದಿತ್ತು. ನಾಲ್ಕೂ ಮುಕ್ಕಾಲಿನ ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಒಂದು ಗಂಟೆ ಕಾಯಬೇಕಿತ್ತು. ಅವಳು ಶೆಡ್ಡಿಗೆ ಹೋಗಿ ಹುಲ್ಲು ಕತ್ತರಿಸುವ ಮಷೀನ್ ತಂದಳು. ಹತ್ತೇ ನಿಮಿಷ. ಬ್ಲೇಡಿಗೆ ಸಿಕ್ಕ ಬಳ್ಳಿ ಚೂರುಚೂರಾಗಿ ಇಳಿಜಾರಿನ ಉದ್ದಕ್ಕೂ ಚಿಮ್ಮಿತು, ಅವಳ ಮುಖಕ್ಕೂ ರಸ ಹಾರಿತು. ಕಣ್ಣಿಗೆ ಕಂಡಷ್ಟನ್ನು ಗುಡಿಸಿ ಚೀಲಕ್ಕೆ ಹಾಕಿ, ಮಷೀನ್ ಒರೆಸಿ ಇಟ್ಟು, ಬಸ್ಸು ಹಿಡಿದಳು. ಸೀಟೂ ಸಿಕ್ಕಿತ್ತು. ಆ ವಾರವೆಲ್ಲ ಮಳೆ.

"ಕೈಯಲ್ಲೇ ತೆಗೆದ್ಯಾ?" ಎಂದು ಹದ್ದಣ್ಣ ಬಂದು ಕೇಳಿದಾಗ, "ಹೂಂ," ಎಂದಿದ್ದಳು. "ಜೋಡಿ ನೋಡಿದ್ಯಾ?" ಎಂದಾಗಲೂ, "ಹೂಂ." ಅವನು ನಂಬಿದ. ಆದರೂ ಪದ್ಧತಿಯಂತೆ ತಾನೇ ಒಂದು ಸಲ ಇಳಿಜಾರನ್ನೆಲ್ಲ ನಡೆದು ನೋಡಿ, ಬಳ್ಳಿ ಉಳಿದಿಲ್ಲ ಎಂದು ಸಹಿ ಹಾಕಿದ. ಆಸ್ಪತ್ರೆಯಲ್ಲಿ ಎರಡು ರಾತ್ರಿ ಕಳೆದು ಬಂದವನು. ಹಸಿರು ಹುಲ್ಲಿನ ಬುಡದಲ್ಲಿ ನೂರಾರು ಹಸಿರು ಚೂರು. ನಿಜವಾದ ಹದ್ದಿಗೂ ಕಾಣುತ್ತಿರಲಿಲ್ಲ.

ಎರಡು ವರ್ಷದಲ್ಲಿ ಇಳಿಜಾರಿನ ಮೈಮೇಲೆಲ್ಲ ಬಳ್ಳಿ ಎದ್ದಿತು. ನಿರ್ದೇಶಕರು ಎಲ್ಲರನ್ನೂ ಕೂರಿಸಿಕೊಂಡು, ಕೊನೆಗೆ ಪರೀಕ್ಷಿಸಿದವರು ಯಾರು ಎಂದು ಕೇಳಿದರು. "ನಾನು," ಎಂದ ಹದ್ದಣ್ಣ. "ನನ್ನ ಕಣ್ಣು ಸೋತಿದೆ ಸಾರ್. ಬಿಟ್ಟಿದ್ದು ನಾನೇ." ಅವಳು ಆ ಕೋಣೆಯಲ್ಲೇ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಹಿಂದಿನ ವಾರವಷ್ಟೇ ಅವಳ ಕೆಲಸ ಕಾಯಂ ಆಗಿತ್ತು. ಇವತ್ತು ಬೇಡ, ನಾಳೆ ಹದ್ದಣ್ಣ ಒಬ್ಬನೇ ಇರುವಾಗ ಹೇಳುತ್ತೇನೆ ಎಂದುಕೊಂಡಳು. ಮರುದಿನ ಹದ್ದಣ್ಣ ಇಳಿಜಾರು ಬಿಟ್ಟು ನರ್ಸರಿಗೆ, ಪಾಲಿಥಿನ್ ಚೀಲಕ್ಕೆ ಮಣ್ಣು ತುಂಬುವ ಕೆಲಸಕ್ಕೆ, ತಾನೇ ಕೇಳಿ ಹಾಕಿಸಿಕೊಂಡ. ಮಣ್ಣು ತುಂಬುವುದಕ್ಕೆ ಕಣ್ಣು ಬೇಡ ನೋಡು ಎಂದು ನಕ್ಕಿದ್ದ. ಒಂದೇ ವರ್ಷ, ಆಮೇಲೆ ಅದನ್ನೂ ಬಿಟ್ಟ. ಅವಳು ಒಂದೊಂದೇ ಮೆಟ್ಟಿಲು ಹತ್ತಿ ಮೇಲ್ವಿಚಾರಕಿಯಾದಳು.

ಹನ್ನೊಂದೂವರೆಗೆ ಹೂಗಳು ಪೂರ್ತಿ ಅರಳಿ ಇಳಿಜಾರು ಗುಲಾಬಿಯಾಯಿತು. ಹಲ್ಲಿನ ಡಾಕ್ಟರು ಸೊಂಟ ಹಿಡಿದು ಎದ್ದು ನಿಂತು, "ಅಯ್ಯೋ, ಇಷ್ಟು ಚೆನ್ನಾಗಿರೋದನ್ನ ಯಾಕೆ ಮೇಡಂ ಕೀಳೋದು? ನನಗೆ ಒಂದು ಕಡ್ಡಿ ಮನೆಗೆ ಕೊಡಿ," ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮನೆಗೆ ಒಯ್ಯಬಾರದು ಎಂದು ಐದು ನಿಮಿಷ ವಿವರಿಸಿದಳು, ಒಂದು ತುಂಡಿನಿಂದ ಏನೆಲ್ಲ ಆಗಬಹುದು ಎಂದು. ಎಲ್ಲ ಸರಿಯಾಗಿಯೇ ಹೇಳಿದಳು.

ನೀರು ಕುಡಿಯಲು ಅವಳು ಮೇಲಿನ ಮರದ ನೆರಳಿಗೆ ಹೋದಾಗ ಹದ್ದಣ್ಣನ ಹೆಂಡತಿ ಅಲ್ಲಿ ಚಾಪೆ ಹಾಸಿ ಕೂತಿದ್ದಳು. ಮಡಿಲಲ್ಲಿ ಊಟದ ಡಬ್ಬಿ. ಹಳೆಯ ಪರಿಚಯದ ಸಲಿಗೆಯಿಂದ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಹೇಗೆ ಕೆಲ್ಸ ಮಾಡ್ತಿದ್ದಾರಮ್ಮ ನಮ್ಮೋರು?"

"ನಮ್ಮೆಲ್ಲರಿಗಿಂತ ಚೆನ್ನಾಗಿ."

"ಅದನ್ನ ಅವರಿಗೇ ಹೇಳು. ನಾನು ಹೇಳಿದ್ರೆ ಕೇಳಲ್ಲ." ಆಕೆ ದನಿ ತಗ್ಗಿಸಿದಳು. "ಯಾರಿಗೂ ಹೇಳ್ಬೇಡ. ಮನೇಲಿ ಗ್ಯಾಸ್ ಆಫ್ ಮಾಡಿ ಬಂದು, ಹೋಗಿ ನೋಡೇ ಅಂತಾರೆ. ಬಾಗಿಲಿಗೆ ಬೀಗ ಹಾಕಿ, ನೀನೊಂದ್ಸಲ ಎಳೆದು ನೋಡು ಅಂತಾರೆ. ನಾನು ನೋಡಿ ಸರಿಯಾಗಿದೆ ಅಂದ್ಮೇಲೇ ಹೆಜ್ಜೆ ಮುಂದಿಡೋದು. ಮೊದಲು ಹಾಗಿರ್ಲಿಲ್ಲ. ನನಗೇ ಬೈತಿದ್ರು, ನಿನ್ನ ಕಣ್ಣು ಎಲ್ಲಿಟ್ಟಿದೀಯ ಅಂತ. ಆ ಬೈಗುಳ ಕೇಳಿ ಎಷ್ಟು ವರ್ಷ ಆಯ್ತು ಗೊತ್ತಾ? ಬೈಸ್ಕೊಳ್ಳೋಕೂ ಆಸೆ ಆಗುತ್ತೆ." ಹೇಳಿ ತಾನೇ ನಕ್ಕು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಮೇಲ್ವಿಚಾರಕಿ ಕುಡಿಯುತ್ತಿದ್ದ ನೀರನ್ನು ಕೆಳಗಿಟ್ಟಳು. ಅವನ ಕೆಲಸ ಹೋಯಿತು, ಗಡ್ಡೆ ಹೋಯಿತು, ಅಷ್ಟೇ ಎಂದು ಅವಳು ಇಷ್ಟು ದಿನ ತಿಳಿದಿದ್ದಳು. ಅಷ್ಟನ್ನೇ ಹೊರಲಾಗದೆ ಒದ್ದಾಡಿದ್ದಳು. ಒಬ್ಬ ಮನುಷ್ಯ ತನ್ನ ಕೈಯಿಂದಲೇ ತಿರುಗಿಸಿದ ಗ್ಯಾಸಿನ ಗುಂಡಿಯನ್ನು ನಂಬದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವುದು ಅವಳ ಲೆಕ್ಕದಲ್ಲೇ ಇರಲಿಲ್ಲ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅವಳು ಕೆಳಗಿಳಿದು ಬರುವ ಹೊತ್ತಿಗೆ ಹದ್ದಣ್ಣ ಇಳಿಜಾರಿನ ಮೇಲ್ತುದಿಗೆ, ಆ ಎರಡು ಮಂಚದಷ್ಟು ಜಾಗದ ಕೆಳಗಂಚಿಗೆ ತಲುಪಿದ್ದ. ಮಣಿಕಟ್ಟಿನಷ್ಟು ದಪ್ಪ ಬಲಿತ ಒಂದು ಹಳೆಯ ಬುಡವನ್ನು ಅಲುಗಾಡಿಸಿ ಕಿತ್ತು, ಮಣ್ಣು ಕೊಡವಿ, ಗೋಣಿಯ ಮೇಲೆ ಮಲಗಿಸಿದ. ಅಭ್ಯಾಸಬಲದಿಂದ ಹೆಬ್ಬೆರಳು ಬುಡದ ತುದಿಯ ಮೇಲೆ ಹೋಯಿತು. ಅಲ್ಲೇ ನಿಂತಿತು. ಮತ್ತೊಮ್ಮೆ ಸವರಿದ. ಇನ್ನೊಂದು ಬುಡ ಕಿತ್ತು ಅದರ ತುದಿಯನ್ನೂ ಸವರಿ ನೋಡಿದ.

"ಇಲ್ಲಿ ನೋಡು ತಂಗಿ," ಎಂದ. "ಕೈಯಲ್ಲಿ ಮುರಿದಿದ್ದು ಹರಕಲು ಮುರಕಲಾಗಿ ಇರುತ್ತೆ. ಒಣಗಿ ಕಟ್ಟಿಗೆ ಆದ್ರೂ ಬೆರಳಿಗೆ ಗೊತ್ತಾಗುತ್ತೆ. ಇದು ಓರೆಯಾಗಿ ಚಪ್ಪಟೆ ಇದೆ, ಸವತೆಕಾಯಿ ಹೆಚ್ಚಿದ ಹಾಗೆ. ಇದೂ ಹಾಗೇ. ಇಲ್ಲಿ ಯಾರೋ ಬ್ಲೇಡ್..." ಒಂದು ಕ್ಷಣ ಅವನ ಮುಖದಲ್ಲಿ ಹಳೆಯ ಹದ್ದಣ್ಣ ಕಾಣಿಸಿಕೊಂಡ. ಆಮೇಲೆ ಅವನೇ ತಲೆ ಅಲ್ಲಾಡಿಸಿ, ಬುಡವನ್ನು ಕೆಳಗಿಟ್ಟ. "ಏನೋ ಬಿಡು. ಕಣ್ಣು ಹೋದ್ಮೇಲೆ ಬೆರಳೂ ಸುಳ್ಳು ಹೇಳೋಕೆ ಶುರು ಮಾಡುತ್ತೆ. ನೀನು ನೋಡಿ ಹೇಳು, ಇದು ಮುರಿದಿದ್ದೇ ತಾನೇ?"

ಹೌದು ಎಂದರೆ ಮುಗಿಯುತ್ತಿತ್ತು. ಇನ್ನೊಂದು "ಹೂಂ." ಅವನು ಕಾಯುತ್ತಿದ್ದ, ಹೆಂಡತಿ ಅಡುಗೆಮನೆಯಿಂದ ಬಂದು ಹೇಳಲಿ ಎಂದು ಕಾಯುವ ಹಾಗೆ.

"ಅಲ್ಲ," ಎಂದಳು ಅವಳು. "ಕತ್ತರಿಸಿದ್ದು. ನಿಮ್ಮ ಬೆರಳು ಸರಿಯಾಗೇ ಹೇಳಿದೆ."

"ಯಾರು?"

"ನಾನು. ನೀವು ಆಸ್ಪತ್ರೇಲಿದ್ರಲ್ಲ, ಆವತ್ತು. ಮಷೀನಲ್ಲಿ ಹೊಡೆದೆ ಹದ್ದಣ್ಣ."

ಹದ್ದಣ್ಣ ಅವಳನ್ನು ನೋಡಲಿಲ್ಲ. ಗೋಣಿಯ ಮೇಲಿನ ಎರಡು ಬುಡಗಳನ್ನು ನೋಡಿದ.

"ಕೈಯಲ್ಲೇ ತೆಗ್ದೆ ಅಂದೆ."

"ಹೂಂ."

"ಜೋಡಿ ನೋಡ್ದೆ ಅಂದೆ."

"ಅಂದೆ. ಬಸ್ಸಿಗೆ ಹೊತ್ತಾಗಿತ್ತು." ಹೇಳುವಾಗ ಅದು ಎಷ್ಟು ಸಣ್ಣ ಮಾತು ಎಂದು ಅವಳ ಕಿವಿಗೇ ಕೇಳಿಸಿತು. "ಆಮೇಲೆ ಹೇಳೋಣ ಹೇಳೋಣ ಅಂತ... ಹೇಳ್ಲಿಲ್ಲ."

ಕೆಳಗೆ ಯಾರೋ ಹಾಡು ಗುನುಗುತ್ತಿದ್ದರು. ಹದ್ದಣ್ಣ ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡ.

"ನಾಲ್ಕು ಜನ ಕಣ್ಣಿನ ಡಾಕ್ಟ್ರಿಗೆ ತೋರಿಸ್ದೆ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನಾಲ್ವರೂ ಒಂದೇ ಮಾತು ಹೇಳಿದ್ರು, ವಯಸ್ಸಿಗೆ ತಕ್ಕ ಕಣ್ಣು, ಓದೋಕೆ ಒಂದು ಕನ್ನಡಕ ಸಾಕು ಅಂತ. ನಾನೇ ಜಗಳ ಮಾಡಿ ಈ ದಪ್ಪದ್ದು ಬರೆಸ್ಕೊಂಡೆ. ಇದನ್ನ ಹಾಕಿದ್ರೆ ತಲೆ ನೋಯುತ್ತೆ. ನೋಯ್ಲಿ, ಇಷ್ಟು ನೋಯ್ಬೇಕಾದ್ರೆ ಕಣ್ಣು ಕೆಟ್ಟಿರ್ಲೇಬೇಕು ಅಂದ್ಕೊಂಡೆ."

"ನಿರ್ದೇಶಕರಿಗೆ ಬರೆದು ಕೊಡ್ತೀನಿ. ಇವತ್ತೇ. ಎಲ್ಲರ ಮುಂದೆ ಹೇಳ್ತೀನಿ."

"ಬರೀರಿ. ಅದು ನಿಮ್ಮ ಕೆಲ್ಸ."

ಅವಳು ತಲೆ ಎತ್ತಿದಳು. ಹತ್ತು ವರ್ಷದ ಪರಿಚಯದಲ್ಲಿ ಅವನು ಅವಳಿಗೆ ಮೊದಲ ಬಾರಿಗೆ ಬಹುವಚನ ಹಚ್ಚಿದ್ದ. ನಿಜ ಹೇಳಿದ ಕೂಡಲೇ ಎದೆಯ ಮೇಲಿನ ಭಾರ ಸ್ವಲ್ಪ ಇಳಿದದ್ದು ಅವಳಿಗೆ ಗೊತ್ತಾಗಿತ್ತು. ಆ ಭಾರ ಎಲ್ಲಿಗೆ ಇಳಿಯಿತು ಎಂಬುದು ಈಗ ಎದುರಿಗೇ ಕೂತಿತ್ತು. ಹಗುರಾದದ್ದಕ್ಕೂ ನಾಚಿಕೆಯಾಯಿತು. ಅಳು ಬಂತು. ಅಳುವುದಕ್ಕೆ ತನಗೇನು ಹಕ್ಕು ಎಂದು ಹಲ್ಲು ಕಚ್ಚಿ ನುಂಗಿಕೊಂಡಳು.

"ರೀ, ಊಟಕ್ಕೆ ಬನ್ನಿ," ಎಂದು ಮೇಲಿನಿಂದ ಹೆಂಡತಿ ಕೂಗಿದಳು.

ಅವನು ಕನ್ನಡಕ ಮಡಿಸಿ ಜೇಬಿಗೆ ಹಾಕಿದ. ಅವಳ ಪಕ್ಕದಲ್ಲಿದ್ದ ಬಿಸ್ಕತ್ತಿನ ಡಬ್ಬವನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದ. ಒಳಗೆ ಏನೂ ಇರಲಿಲ್ಲ. ಬೆಳಗ್ಗೆಯಿಂದ ತಾನು ತೆರವು ಮಾಡಿದ ನೆಲದ ಉದ್ದಕ್ಕೂ, ಕೆಳಗಿನಿಂದ ಮೇಲಿನವರೆಗೆ, ನಿಧಾನವಾಗಿ ನೋಡಿದ. ಬರಿಗಣ್ಣಿನಲ್ಲಿ ಬಹಳ ಹೊತ್ತು ನೋಡಿದ.

"ನೀನು ಮಾಡು, ನಾನು ಆಮೇಲೆ ಬರ್ತೀನಿ," ಎಂದು ಹೆಂಡತಿಗೆ ಕೂಗಿ ಹೇಳಿ, ಎದ್ದು ನಿಂತು, ಮಂಡಿಯ ಮಣ್ಣು ಕೊಡವಿಕೊಂಡ. "ಮೇಡಂ, ನಿಮ್ಮ ಸಾಲು ಯಾವುದು?"

ಅವಳು ಕೈ ತೋರಿಸಿದಳು. ಕಾಲುದಾರಿಯ ಪಕ್ಕದ್ದು. ಸ್ವಯಂಸೇವಕರಿಗೆ ಮಾದರಿಯಾಗಿರಲಿ ಎಂದು, ಅವರು ಬರುವ ಮೊದಲೇ, ಬೆಳಗಿನ ಆರಕ್ಕೆ ಬಂದು ಎರಡೂವರೆ ಗಂಟೆ ಕೂತು ತೆರವು ಮಾಡಿದ್ದು. ಹೀಗಿರಬೇಕು ನೋಡಿ ಎಂದು ಎಲ್ಲರಿಗೂ ಅದನ್ನೇ ತೋರಿಸಿದ್ದಳು. ನಾಲ್ಕು ಮೂಲೆಗೂ ಕಡ್ಡಿ ನೆಟ್ಟು ಹಗ್ಗ ಕಟ್ಟಿದ್ದಳು.

ಹದ್ದಣ್ಣ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಡಬ್ಬ ಹಿಡಿದು ಅಲ್ಲಿಗೆ ಹೋದ. ಹಗ್ಗ ದಾಟಿ ಮಂಡಿಯೂರಿದ.

ಅವಳಿಗೆ ಅಲ್ಲಿ ನಿಂತು ನೋಡಲಾಗಲಿಲ್ಲ. ಅವನು ಅರ್ಧಕ್ಕೆ ಬಿಟ್ಟಿದ್ದ ಜಾಗದಲ್ಲಿ ಕೂತು ಬಳ್ಳಿಯ ಅಂಚನ್ನು ಹಿಡಿದಳು. ಎಳೆದರೆ ಮುರಿಯುತ್ತದೆ ಎಂದು, ಬೇರಿನ ಕೆಳಗೆ ಬೆರಳು ತೂರಿಸಿ, ಒಂದೊಂದೇ ಗೆಣ್ಣು ಬಿಡಿಸತೊಡಗಿದಳು. ನಡುಹಗಲಿನ ಬಿಸಿಲು ಬೆನ್ನ ಮೇಲೆ ಬೀಳುತ್ತಿತ್ತು. ಹೂಗಳೆಲ್ಲ ಬಾಯಿ ತೆರೆದುಕೊಂಡಿದ್ದವು.

ಹಿಂದಿನಿಂದ, ತಗಡಿನ ಡಬ್ಬಕ್ಕೆ ಏನೋ ಬಿದ್ದ ಸದ್ದು ಕೇಳಿಸಿತು.

ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಿತ್ತು.